ಮೇರಿ ನಾಲ್ಕು

ಅಜ್ಜಿ ಸತ್ತು ಎರಡು ವರ್ಷವಾದ ಮೇಲೆ ಅವಳಿಗೆ ದೀಕ್ಷಾಸ್ನಾನ ಮಾಡಿಸಬೇಕೆಂದು ಅಪ್ಪ ನಿರ್ಧರಿಸಿದ. ನೀರಿನಲ್ಲಿ ಮುಳುಗಬೇಕಾದ ಮೈ ನನ್ನದು.

ಅವನು ಈ ಮಾತು ಹೇಳಿದಾಗ ನಾನು ಮೊಣಕಾಲೂರಿ ಕೂತಿದ್ದೆ. ಕೈಯಲ್ಲಿ ಬ್ರಷ್ ಇತ್ತು. ಎದುರಿಗೆ ಕಮೋಡ್ ಇತ್ತು. ಶುಕ್ರವಾರ ನಮ್ಮ ಸಭೆ ಸೇರುವ ವಿಲ್ಲಾವನ್ನು ಗುರುವಾರ ಸಂಜೆ ನಾವೇ ತೊಳೆಯಬೇಕು. ನಮ್ಮದು ಮಾರ್ಮನ್ ಸಭೆ. ಸಂಬಳದ ಪಾದ್ರಿ ಇಲ್ಲ, ಸಂಬಳದ ಜಾಡಮಾಲಿಯೂ ಇಲ್ಲ. ಕುರ್ಚಿ ಜೋಡಿಸುವುದಕ್ಕೆ, ಗಾಜು ಒರೆಸುವುದಕ್ಕೆ, ಕಾರ್ಪೆಟ್ ಗುಡಿಸುವುದಕ್ಕೆ ಎಲ್ಲ ಕುಟುಂಬಗಳಿಗೂ ಸರದಿ ಇದೆ. ಟಾಯ್ಲೆಟ್‌ಗೆ ಸರದಿ ಇಲ್ಲ. ಅದು ನಮ್ಮದು. ಯಾರೂ ನಮ್ಮ ಮೇಲೆ ಹೊರಿಸಿದ್ದಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ಸಭೆಯಲ್ಲಿ ಎದ್ದು ನಿಂತು ಕೇಳಿ ಪಡೆದದ್ದು. ಅವನ ದೀನತೆಯನ್ನು ಎಲ್ಲರೂ ಹೊಗಳಿದರು. ಒಬ್ಬ ಅಮೆರಿಕನ್ ಹೆಂಗಸು ಕಣ್ಣೊರೆಸಿಕೊಂಡಳು. 'ನಾವೂ ಮಾಡುತ್ತೇವೆ' ಎಂದು ಯಾರೂ ಹೇಳಲಿಲ್ಲ.

"ಮನಿಲಾಗೆ ಟಿಕೆಟ್ ಆಯ್ತು," ಎಂದ ಅಪ್ಪ. ಬಾಗಿಲಲ್ಲಿ ನಿಂತಿದ್ದ. ಕುವೈತಿನ ಅಹ್ಮದಿಯಲ್ಲಿ ತಾನು ಕೆಲಸ ಮಾಡುವ ಗೋಡೌನಿನಿಂದ ನೇರ ಬಂದಿದ್ದ. ಬೂಟಿನ ಮೇಲೆ ಧೂಳಿತ್ತು. ಮುಖದಲ್ಲಿ ಮಾತ್ರ ಹಬ್ಬ. "ಅಮ್ಮನ ಹೆಸರು ದೇವಾಲಯಕ್ಕೆ ಕೊಡ್ತಿದೀನಿ. ನೀನು ಅಮ್ಮನ ಬದಲಿಗೆ ನಿಲ್ಬೇಕು, ಮಗಳೇ."

"ಬೇರೆ ಯಾರಾದ್ರೂ ನಿಲ್ಲಲಿ."

"ಹೆಂಗಸಿಗೆ ಹೆಂಗಸೇ ನಿಲ್ಬೇಕು. ನಿಮ್ಮಮ್ಮ ನಿಲ್ಲೋ ಹಾಗಿಲ್ಲ. ನೀರಲ್ಲಿ ಮುಳುಗಬಾರ್ದು ಅಂತ ಡಾಕ್ಟ್ರು ಹೇಳಿದಾರೆ."

ಅಮ್ಮ ವಾಶ್‌ಬೇಸಿನ್ ಉಜ್ಜುತ್ತಿದ್ದಳು. ಅವಳ ಎದೆಯೊಳಗೆ ಸ್ಟೆಂಟ್ ಇದೆ. "ಮುಳುಗಬಾರ್ದು ಅಂದ್ರು," ಎಂದಳು ತಿರುಗದೆ. "ಉಜ್ಜಬಾರ್ದು ಅಂತ ಅನ್ಲಿಲ್ಲ ನೋಡು. ಪುಣ್ಯಾತ್ಮರು."

"ಬೆಟ್ಟಿ, ತಮಾಷೆ ಬೇಡ."

"ತಮಾಷೆ ಎಲ್ಲಿ ಮಾಡ್ದೆ? ಆ ಹಾರ್ಪಿಕ್ ಈ ಕಡೆ ಕೊಡಿ."

ಈ ಸ್ನಾನದ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಸುವಾರ್ತೆ ಒಪ್ಪದೆ ಸತ್ತವರು ಆತ್ಮಗಳ ಸೆರೆಯಲ್ಲಿ ಕಾಯುತ್ತಾರೆ ಎನ್ನುವುದು ನಮ್ಮವರ ನಂಬಿಕೆ. ಅವರ ಪರವಾಗಿ ಬದುಕಿರುವವರೊಬ್ಬರು ದೇವಾಲಯದಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ನೀರಿಗಿಳಿಯುತ್ತಾರೆ. ಸತ್ತವರ ಹೆಸರು ಹೇಳಿ ಇವರನ್ನು ಮುಳುಗಿಸುತ್ತಾರೆ. ಆಗ ಅಲ್ಲಿ ಬಾಗಿಲು ತೆರೆಯುತ್ತದಂತೆ. ಆಮೇಲೆ ಕುಟುಂಬವೆಲ್ಲ ಎಂದೆಂದಿಗೂ ಒಂದೇ. ಅಪ್ಪನಿಗೆ ಬೇಕಾಗಿದ್ದದ್ದು ಅದು. ತಾಯಿ.

"ಒಂದೇ ತೊಂದರೆ," ಎಂದ. ದನಿ ತಗ್ಗಿಸಿದ. "ಅಮ್ಮನ ನಿಜವಾದ ಹೆಸರು ಬೇಕು. ನಿಂಗೆ ಗೊತ್ತು ಅಂತ ಊರಲ್ಲಿರೋ ನನ್ನಕ್ಕ ಹೇಳಿದ್ಲು."

ನಾನು ಫ್ಲಶ್ ಒತ್ತಿದೆ. ನೀರಿನ ಸದ್ದು ನಿಲ್ಲುವ ತನಕ ಅವನು ಕಾದ. ನಿಂತಿತು. ನಾನು ಮುಂದಿನ ಟಾಯ್ಲೆಟ್‌ಗೆ ಹೋದೆ.

*

ಅಪ್ಪನಿಗೆ ತಾಯಿಯ ಹೆಸರು ಗೊತ್ತಿಲ್ಲ. ಇದು ನಗುವ ವಿಷಯವಲ್ಲ.

ಅಜ್ಜಿ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವಳು. ಗಣಿಯ ಒಳಗಲ್ಲ. ಮೇಲೆ, ಇಂಗ್ಲಿಷರ ಬಂಗಲೆಗಳಲ್ಲಿ. ಡಬ್ಬಾ ಕಕ್ಕಸಿನ ಡಬ್ಬಾ ಎಳೆದು, ಬಕೆಟ್ಟಿಗೆ ಸುರಿದು, ತಲೆಯ ಮೇಲೆ ಹೊತ್ತು ದೂರ ಹೋಗಿ ಚೆಲ್ಲುವುದು. ತಾಯಿಯ ಜೊತೆ ಹೋಗಲು ಶುರು ಮಾಡಿದಾಗ ಇನ್ನೂ ಮೈ ನೆರೆದಿರಲಿಲ್ಲ. ಬಂಗಲೆಯ ದೊರೆಸಾನಿಗೆ ಇವರ ಹೆಸರುಗಳು ನಾಲಗೆಗೆ ಹತ್ತಲಿಲ್ಲ. ಹತ್ತಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಕಕ್ಕಸು ತೊಳೆಯುವ ಹೆಂಗಸರಿಗೆಲ್ಲ ಒಂದೇ ಹೆಸರಿಟ್ಟಳು. ಮೇರಿ. ಹಾಜರಿ ಕೂಗುವ ಗುಮಾಸ್ತ ನಂಬರು ಸೇರಿಸಿದ. ಅಜ್ಜಿ ಮೇರಿ ನಾಲ್ಕು. ಕೂಗಿದಾಗ 'ಇದೀನಿ ಸಾಮಿ' ಎನ್ನದಿದ್ದರೆ ಆ ದಿನದ ಕೂಲಿ ಇಲ್ಲ.

ಬಿಳಿಯರು ಹೋದರು. ಡಬ್ಬಾ ಹೋಗಲಿಲ್ಲ. ಬಂಗಲೆಗೆ ನಮ್ಮ ದೇಶದ ಸಾಹೇಬರು ಬಂದರು. ಅವರೂ ಮೇರಿ ಎಂದೇ ಕರೆದರು. ರೇಷನ್ ಕಾರ್ಡಿನಲ್ಲಿ ಮೇರಿ. ಓಟಿನ ಚೀಟಿಯಲ್ಲಿ ಮೇರಿ. ಗಣಿ ಕೂಲಿಯವರ ಲೈನ್ ಮನೆಗಳಲ್ಲಿ ಅವಳು ಸ್ಯಾಮುವೆಲ್ಲನ ತಾಯಿ. ತಾತ ಅವಳನ್ನು 'ಏಯ್' ಎನ್ನುತ್ತಿದ್ದನಂತೆ. ನಮ್ಮಪ್ಪನಿಗೆ ಸ್ಯಾಮುವೆಲ್ ಎಂದು ಹೆಸರಿಟ್ಟವರೂ ಬಂಗಲೆಯವರೇ ಇರಬೇಕು. ಅಜ್ಜಿ ಕ್ರೈಸ್ತಳಾಗಿರಲಿಲ್ಲ. ಅವಳ ದೇವರು ಬೇವಿನ ಬುಡದಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲು. ಸತ್ತ ದಿನದವರೆಗೂ ಅದೇ.

ಅಪ್ಪ ಬೆಳೆದು ದೊಡ್ಡವನಾದಾಗ ಗಣಿ ಮುಚ್ಚುವ ಮಾತು ಶುರುವಾಗಿತ್ತು. ಕೆಲಸ ಹುಡುಕಿ ಬೆಂಗಳೂರಿಗೆ ಹೋದ. ಅಲ್ಲಿ ಬಿಳಿ ಅಂಗಿ, ಕಪ್ಪು ಟೈ ಹಾಕಿದ ಇಬ್ಬರು ಅಮೆರಿಕದ ತರುಣರು ಅವನ ಕೈ ಕುಲುಕಿದರು. ಊರಿಗೆ ಬಂದರು. ಲೈನ್ ಮನೆಯ ನೆಲದ ಮೇಲೆ ಕೂತರು. ನೀರು ಕೇಳಿ ಕುಡಿದರು.

ಈ ನೀರಿನ ಕಥೆಯನ್ನು ಅಪ್ಪ ಸಾವಿರ ಸಲ ಹೇಳಿದ್ದಾನೆ. "ನಮ್ಮ ಲೋಟದಲ್ಲಿ ಕುಡಿದ್ರು, ಕ್ಲಾರಿಸ್ಸಾ. ಎತ್ತಿ ಕುಡೀಲಿಲ್ಲ. ಕಚ್ಚಿ ಕುಡಿದ್ರು." ಅದು ಸುಳ್ಳಲ್ಲ. ಆ ಲೋಟದ ಬೆಲೆ ನನಗೂ ಗೊತ್ತು. ಊರಿನ ಯಾವ ಹೋಟೆಲಿನವನೂ ಅವನಿಗೆ ಕೊಡದಿದ್ದದ್ದನ್ನು ಅವರು ಕೊಟ್ಟರು. ಅದಕ್ಕೇ ನನಗೆ ಅಪ್ಪನ ಮೇಲೆ ಸಿಟ್ಟು ಬಂದಾಗ ಅದು ಅರ್ಧಕ್ಕೇ ನಿಂತುಬಿಡುತ್ತದೆ.

ಆ ತರುಣರು ಅಜ್ಜಿಯನ್ನೂ ಕೇಳಿದರಂತೆ. ನೀವೂ ದೀಕ್ಷಾಸ್ನಾನ ತಗೊಳ್ಳಿ ಅಮ್ಮಾ ಎಂದು. ಅಜ್ಜಿ ಅವರ ಮುಂದೆ ಎರಡೂ ಕೈ ಚಾಚಿ ತೋರಿಸಿದಳು.

"ನಿಮ್ಮೋರ ಪೀ ತೊಳ್ದು ತೊಳ್ದು ಈ ಕೈ ಸವೆದೋಯ್ತು. ಈಗ ನೀವು ಬಂದು ನನ್ನ ತೊಳೀತೀರಾ? ಏನೂ ಬ್ಯಾಡ. ಎದ್ದೋಗಿ."

ಅಪ್ಪ ಇದನ್ನು ಅವರಿಗೆ ಇಂಗ್ಲಿಷಿಗೆ ತಿರುಗಿಸಿ ಹೇಳಲಿಲ್ಲ. ಅಮ್ಮ ಯೋಚನೆ ಮಾಡುತ್ತಾಳಂತೆ ಎಂದು ಹೇಳಿದನಂತೆ. ಅವನ ಲೆಕ್ಕದಲ್ಲಿ ಅವಳು ಇನ್ನೂ ಯೋಚನೆ ಮಾಡುತ್ತಲೇ ಇದ್ದಾಳೆ.

*

ನಾನು ಕುವೈತಿನಲ್ಲಿ ಬೆಳೆದೆ. ಹವಲ್ಲಿಯ ಹಳೆಯ ಬಿಲ್ಡಿಂಗಿನ ಮೂರನೇ ಮಹಡಿ. ಕೆಳಗೆ ಮೊಬೈಲ್ ರಿಪೇರಿ ಅಂಗಡಿಗಳು. ಮಾರ್ಮನರು ಚಹಾ ಕಾಫಿ ಕುಡಿಯುವಂತಿಲ್ಲ. ಮನೆಗೆ ಬಂದವರಿಗೆ ಅಮ್ಮ ಬಿಸಿ ಹಾಲು ಕೊಡುತ್ತಿದ್ದಳು. ನಾವು ಜಿಪುಣರು ಎಂದು ಅಕ್ಕಪಕ್ಕದ ಕನ್ನಡದವರು ಆಡಿಕೊಳ್ಳುತ್ತಿದ್ದರು.

ಚಿಕ್ಕವಳಿದ್ದಾಗ ಶುಕ್ರವಾರದ ಪಾಠದಲ್ಲಿ ಗ್ರಂಥ ಓದುವ ಸರದಿ ನನಗೆ ಬಂತು. ದೇವರ ಮಾತು ಮೀರಿದವರ ಚರ್ಮ ಕಪ್ಪಾಯಿತು ಎನ್ನುವ ಭಾಗ. ನಾನು ಗಟ್ಟಿಯಾಗಿ ಓದುತ್ತಾ ಹೋದೆ. ಓದಿ ತಲೆ ಎತ್ತಿದರೆ ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಟೀಚರು ಓಡಿ ಬಂದು ನನ್ನನ್ನು ತಬ್ಬಿಕೊಂಡರು. ಇದು ನಿನ್ನ ವಿಷಯ ಅಲ್ಲ ಚಿನ್ನಾ, ಬಹಳ ಹಿಂದಿನವರ ವಿಷಯ ಎಂದರು. ನನ್ನದಲ್ಲದಿದ್ದರೆ ನನ್ನನ್ನೇ ಯಾಕೆ ತಬ್ಬಿದರು? ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲ. ಕೇಳದೆ ಇರುವುದನ್ನು ಆವತ್ತು ಕಲಿತೆ.

ಓದು ಮುಗಿಸಿ ಫರ್ವಾನಿಯಾದ ಒಂದು ಕ್ಲಿನಿಕ್ಕಿನ ಲ್ಯಾಬಿಗೆ ಸೇರಿದೆ. ಅಲ್ಲಿ ಒಬ್ಬ ನರ್ಸ್ ಸಿಕ್ಕಳು. ಕುಂದಾಪುರ ಕಡೆಯ ಕೊಂಕಣಿ ಕ್ಯಾಥೊಲಿಕ್ ಹುಡುಗಿ. ಅವಳನ್ನು ಇಲ್ಲಿ ಇನೆಜ್ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬರೆದರೆ ಅವಳ ಇಕಾಮಾ, ಈ ದೇಶದಲ್ಲಿ ಇರುವ ಪರವಾನಗಿ, ಹೋಗುತ್ತದೆ. ಇಕಾಮಾ ಹೋದರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಊರಿಗೆ ವಾಪಸು ಕಳಿಸಿದ ಕಾರಣ ಗೊತ್ತಾದರೆ ಅವಳ ಅಣ್ಣಂದಿರು ಏನು ಮಾಡುತ್ತಾರೋ ಹೇಳಲು ಬರುವುದಿಲ್ಲ.

ನಮಗೆ ಕೋಣೆ ಇರಲಿಲ್ಲ. ಅವಳ ಕೋಣೆಯಲ್ಲಿ ನಾಲ್ಕು ಹಾಸಿಗೆ. ನನ್ನ ಕೋಣೆಯಲ್ಲಿ ಅಪ್ಪನ ಗಂಟಲು ಕೇಳುತ್ತಿತ್ತು. ಇದ್ದದ್ದು ಅವಳ ಹಳೆಯ ಕಾರು. ಸಾಲ್ಮಿಯಾದ ಸಮುದ್ರದ ಪಕ್ಕ ನಿಲ್ಲಿಸಿ, ಏಸಿ ಹಾಕಿಕೊಂಡು ಕೂರುತ್ತಿದ್ದೆವು. ಎರಡು ಕಾಗದದ ಲೋಟದಲ್ಲಿ ಕರಕ್ ಚಹಾ. ನನ್ನ ಮೊದಲ ಪಾಪ ಆ ಚಹಾ. ಎರಡನೆಯದು ಅವಳು. ಇಬ್ಬರು ಹೆಂಗಸರು ಕಾರಿನಲ್ಲಿ ಕೂತು ಚಹಾ ಕುಡಿದರೆ ಯಾರೂ ನೋಡುವುದಿಲ್ಲ. ಗೇರಿನ ಮೇಲಿಟ್ಟ ಕೈಯ ಮೇಲೆ ಇನ್ನೊಂದು ಕೈ ಇದ್ದರೆ ಗಾಜಿನ ಹೊರಗೆ ಕಾಣಿಸುವುದಿಲ್ಲ. ನಮ್ಮ ಸಂಸಾರ ಅಷ್ಟು ಜಾಗದಲ್ಲಿತ್ತು.

ಮನಿಲಾ ವಿಷಯ ಹೇಳಿದಾಗ ಅವಳು ಚಹಾ ಉಗುಳುವಷ್ಟು ನಕ್ಕಳು.

"ಎಂತ ಮಾರಾಯ್ತಿ! ಸತ್ತವರಿಗೆ ಜ್ಞಾನಸ್ನಾನವಾ? ನಿಮ್ಮಪ್ಪ ಅಜ್ಜಿಗೆ ವೀಸಾ ಮಾಡಿಸ್ತಾ ಇದ್ದಾರಾ?"

"ಹೂಂ. ಫ್ಯಾಮಿಲಿ ವೀಸಾ."

"ಸತ್ತ ಮೇಲೂ ಕಫೀಲ್ ಬೇಕಾ? ಅಲ್ಲಾದ್ರೂ ಆರಾಮ ಇರುವ ಅಂತ ಹೋದ್ರೆ ಅಲ್ಲೂ ಒಬ್ಬ ಬಿಳಿ ಕಫೀಲ್! ಯಲ್ಲಾ, ಪಾಸ್‌ಪೋರ್ಟ್ ಕೊಡಿ ಅಜ್ಜಿ ಅಂತಾನಾ?"

ಇಲ್ಲಿ ನಮ್ಮ ವೀಸಾ, ಪಾಸ್‌ಪೋರ್ಟ್ ಎಲ್ಲ ಕಫೀಲನ, ಅಂದರೆ ಧಣಿಯ, ಕೈಯಲ್ಲಿ. ನಾನೂ ನಕ್ಕೆ. ಆಮೇಲೆ ಅವಳ ನಗು ನಿಂತಿತು. "ಅದಕ್ಕೆ ಮುಂಚೆ ನಿಮ್ಮ ಸಭೆಯ ಪ್ರೆಸಿಡೆಂಟ್ ಒಂದು ಇಂಟರ್ವ್ಯೂ ಮಾಡ್ತಾನಲ್ವಾ? ನೀನು ಶುದ್ಧವಾ ಅಂತ ಕೇಳೋದು?"

"ಹೌದು."

"ನನ್ನ ಹೆಸರು ಬಾಯಿಂದ ಬಿದ್ರೆ ನಾನು ಸತ್ತೆ. ಗೊತ್ತುಂಟಲ್ಲ?"

"ಗೊತ್ತು."

"ಸುಳ್ಳು ಹೇಳು. ಎಂತ, ದೇವರು ಮೈಕ್ ಇಟ್ಟು ಕೂತಿದ್ದಾನಾ?"

*

ಅಜ್ಜಿಯ ಹೆಸರು ನನಗೆ ಸಿಕ್ಕಿದ್ದು ಹೀಗೆ.

ಅವಳಿಗೆ ಲಕ್ವ ಹೊಡೆದ ವರ್ಷ ರಜೆ ಹಾಕಿ ಹೋಗಿದ್ದೆ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಕೂಲಿಗೆ ಹೋದ ಮೇಲೆ ಹಗಲೆಲ್ಲ ನಾವಿಬ್ಬರೇ. ನಾನು ಅವಳ ಕೆಳಗಿನ ಬಟ್ಟೆ ಬದಲಿಸುತ್ತಿದ್ದೆ, ತೊಳೆಯುತ್ತಿದ್ದೆ. ಜೀವಮಾನವಿಡೀ ಊರಿನ ಹೇಲು ಬಾಚಿದವಳು ಮೊಮ್ಮಗಳ ಕೈಯಿಂದ ತೊಳೆಸಿಕೊಳ್ಳುವಾಗ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಒಂದು ಮಧ್ಯಾಹ್ನ ಬಚ್ಚಲಲ್ಲಿ ಕೂರಿಸಿ ಬೆನ್ನು ಉಜ್ಜುತ್ತಿದ್ದೆ. ಅವಳ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಬಕೆಟ್ಟು ಕೂತ ಜಾಗ. ಅಲ್ಲಿ ನೀರು ಹಾಕುತ್ತಾ ನಾನು ಇನೆಜ್ ವಿಷಯ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಬೇರೆ ಯಾರ ಹತ್ತಿರವೂ ಹೇಳಿರಲಿಲ್ಲ.

ಅಜ್ಜಿ ಆಡುವ ಕೈಯಿಂದ ಮುಖದ ನೀರು ಒರೆಸಿಕೊಂಡಳು. ಆಮೇಲೆ ಸೊಟ್ಟ ಬಾಯಲ್ಲಿ ಕೇಳಿದಳು.

"ಕೆಲ್ಸ ಮಾಡ್ತಾಳಾ?"

"ಮಾಡ್ತಾಳೆ. ನರ್ಸು."

"ಕುಡೀತಾಳಾ?"

"ಚಹಾ ಕುಡೀತಾಳೆ."

"ವಡೀತಾಳಾ?"

"ಇಲ್ಲ ಅಜ್ಜಿ."

"ನಿಮ್ತಾತ ವಡೀತಿದ್ದ," ಎಂದಳು. "ಸರಿ ಬುಡು. ನೀರು ಆಕು, ಚಳಿ ಆಯ್ತದೆ."

ಸೀರೆ ಸುತ್ತಿ ಬಿಸಿಲಲ್ಲಿ ಕೂರಿಸಿದೆ. ಆಗ ನನ್ನ ಕಿವಿ ಹಿಡಿದು ಹತ್ತಿರ ಎಳೆದಳು. "ನೀನು ಯಾರ್ಗೂ ಯೋಳ್ದೇ ಇರೋದು ಒಂದು ನಂಗೆ ಯೋಳ್ದೆ. ನಾನೂ ಒಂದು ಯೋಳ್ತೀನಿ." ತನ್ನ ಹೆಸರು ಹೇಳಿದಳು. ಅವಳ ತಾಯಿ ಇಟ್ಟದ್ದು. ಆ ಹೆಸರಿನಿಂದ ಅವಳನ್ನು ಕರೆಯುವವರು ಯಾರೂ ಬದುಕಿರಲಿಲ್ಲ. "ಅವ್ರಿಗೆ ಕೊಡ್ಲಿಲ್ಲ ನಾನು," ಎಂದಳು. "ಬಂಗಲೆಯೋರ್ಗೂ ಕೊಡ್ಲಿಲ್ಲ, ಅಜ್ರಿಯೋನ್ಗೂ ಕೊಡ್ಲಿಲ್ಲ. ನನ್ನತ್ರ ಇದ್ದಿದ್ದು ಅದೊಂದೇ." ಆಗಲೇ ಅತ್ತೆ ಹಿತ್ತಲ ಬಾಗಿಲು ದೂಡಿಕೊಂಡು ಬಂದಳು. ಹೆಸರು ಕೇಳಿಸಿರಲಿಲ್ಲ. ಹೇಳಿದ್ದಾಳೆ ಎಂಬುದಷ್ಟೇ ಅವಳಿಗೆ ಗೊತ್ತಾಯಿತು.

ಆ ಮಳೆಗಾಲಕ್ಕೆ ಅಜ್ಜಿ ಹೋದಳು.

*

ಇಂಟರ್ವ್ಯೂಗೆ ಹೋಗುವಾಗ ನಾನು ಸುಳ್ಳು ಹೇಳಲು ಸಿದ್ಧವಾಗಿದ್ದೆ. ಇದನ್ನು ನೇರವಾಗಿಯೇ ಹೇಳುತ್ತೇನೆ. ಅಮ್ಮ ಕೂಡ ಬಾಗಿಲಲ್ಲಿ ಕೈ ಹಿಡಿದು ಹೇಳಿದ್ದಳು. "ಎಲ್ಲದಕ್ಕೂ ಹೂಂ ಅಂದ್ಬಿಡು. ಅವರಿಗೆ ಬೇಕಾಗಿರೋದು ಒಂದು ಹೂಂ ಅಷ್ಟೇ." ಅವಳಿಗೆ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿಲ್ಲ. ನಾವು ಕೇಳಿಕೊಳ್ಳುವುದಿಲ್ಲ.

ಪ್ರೆಸಿಡೆಂಟ್ ಹ್ಯಾಲ್ವರ್ಸನ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು. ಅಮೆರಿಕದವನು, ಎಣ್ಣೆ ಕಂಪನಿಯೊಂದರ ಗುತ್ತಿಗೆ ಕೆಲಸದ ಎಂಜಿನಿಯರ್. ಮನೆಯಲ್ಲಿ ತಾನೇ ಬೇಯಿಸಿದ ಬ್ರೆಡ್ಡನ್ನು ನಮಗೆ ತಂದುಕೊಡುತ್ತಿದ್ದ. ಕೊರೊನಾ ಕಾಲದಲ್ಲಿ ಅಪ್ಪನ ಕೆಲಸ ಉಳಿದದ್ದು ಅವನು ಆಡಿದ ಒಂದು ಮಾತಿನಿಂದ. ಮೆತ್ತಗೆ ಮಾತಾಡುತ್ತಿದ್ದ. ನನ್ನ ಬದುಕಿನಲ್ಲಿ ನನ್ನನ್ನು ಕೀಳಾಗಿ ಕಂಡವರೆಲ್ಲ ಮೆತ್ತಗೇ ಮಾತಾಡಿದ್ದಾರೆ.

ದೇವರನ್ನು ನಂಬುತ್ತೀಯಾ ಎಂದ. ಹೂಂ ಎಂದೆ. ಪ್ರವಾದಿಯನ್ನು ನಂಬುತ್ತೀಯಾ ಎಂದ. ಹೂಂ ಎಂದೆ. ಚಹಾ, ಕಾಫಿ, ಮದ್ಯ? ಇಲ್ಲ ಎಂದೆ. ಕಾಗದದ ಲೋಟದ ರುಚಿ ನಾಲಗೆಯ ಮೇಲಿತ್ತು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನಿನ್ನ ಅಜ್ಜಿ ಸೆರೆಯಲ್ಲಿ ಕಾಯುತ್ತಿದ್ದಾಳೆ, ಕ್ಲಾರಿಸ್ಸಾ. ಅವಳಿಗೆ ಒಂದು ಶುದ್ಧವಾದ ಮೈ ಬೇಕು. ಅದನ್ನು ಕೊಡುವ ಭಾಗ್ಯ ನಿನ್ನದು. ಶೀಲದ ನಿಯಮವನ್ನು ಪಾಲಿಸುತ್ತಿದ್ದೀಯಾ?"

ಹೂಂ ಎನ್ನಬೇಕಿತ್ತು. ಬಾಯಿ ತೆರೆದೆ. ಅಜ್ಜಿಯ ನೆತ್ತಿ ಕಣ್ಣಿಗೆ ಬಂತು. ಸೆರೆ ಎನ್ನುತ್ತಾನೆ. ಅವಳು ಆ ಬಂಗಲೆಗಳಲ್ಲೇ ಸೆರೆ ಕಂಡವಳು. ಅಲ್ಲಿಂದ ನಡೆದು ಹೊರಗೆ ಬಂದವಳು. ಮತ್ತೆ ಅವಳನ್ನು ಒಳಗೆ ಹಾಕಿ, ಬಿಡಿಸಿದ ಪುಣ್ಯವನ್ನೂ ತಾವೇ ತೆಗೆದುಕೊಳ್ಳುತ್ತಾರೆ. ನನ್ನ ಬಾಯಿಂದ ಏನೂ ಬರಲಿಲ್ಲ. ಏಸಿ ಸದ್ದು ಮಾಡುತ್ತಿತ್ತು. ಹೊರಗೆ ಯಾರೋ ಪಿಯಾನೋ ಕಲಿಯುತ್ತಿದ್ದರು. ಮೌನ ಬೆಳೆಯಿತು. ಅದೇ ಉತ್ತರವಾಗಿ ಹೋಯಿತು.

"ಯಾರು?" ಎಂದ.

ನಾನು ಅವನ ಮುಖ ನೋಡಿದೆ.

"ಗಂಡಸೇ?"

"ಅಲ್ಲ."

ಅವನ ಕಣ್ಣು ತುಂಬಿತು. ನಿಜಕ್ಕೂ ತುಂಬಿತು. "ಹೆಸರು ಹೇಳು. ಅವಳಿಗೂ ನಾವು ಸಹಾಯ ಮಾಡಬಹುದು."

"ಹೇಳುವುದಿಲ್ಲ."

"ಶಿಕ್ಷಿಸಲು ಕೇಳುತ್ತಿಲ್ಲ."

"ಹೇಳುವುದಿಲ್ಲ."

ಅವನು ಉಸಿರು ಬಿಟ್ಟ. ಈಗ ಅನುಮತಿ ಕೊಡಲಾಗುವುದಿಲ್ಲ, ನೀರಿಗಿಳಿಯುವಂತಿಲ್ಲ, ಶುಕ್ರವಾರ ಸಭೆಯಲ್ಲಿ ಹಂಚುವ ಪವಿತ್ರ ರೊಟ್ಟಿಯನ್ನೂ ಸದ್ಯಕ್ಕೆ ತೆಗೆದುಕೊಳ್ಳಬೇಡ ಎಂದ. ಸಭೆಯಲ್ಲಿ ಎದ್ದು ಪ್ರಾರ್ಥನೆ ಮಾಡಬೇಡ ಎಂದ. ಒಂದೊಂದನ್ನೂ ಹೇಳುವಾಗ ನನ್ನ ಕ್ಷಮೆ ಕೇಳುವವನಂತೆ ತಲೆ ತಗ್ಗಿಸುತ್ತಿದ್ದ.

"ಟಾಯ್ಲೆಟ್?" ಎಂದೆ.

"ಏನು?"

"ಗುರುವಾರ ನಾನು ತೊಳೆಯುವ ಟಾಯ್ಲೆಟ್."

ಅವನ ಮುಖ ಅರಳಿತು. ನನಗೆ ಕೊಡಲು ಏನೋ ಒಂದು ಸಿಕ್ಕಿತಲ್ಲ ಎಂಬಂತೆ. "ಸೇವೆಗೆ ಯಾವ ಅಡ್ಡಿಯೂ ಇಲ್ಲ. ಅದನ್ನು ಖಂಡಿತ ಮಾಡಬಹುದು."

ರೊಟ್ಟಿ ಮುಟ್ಟಬಾರದು. ಹೇಲು ಮುಟ್ಟಬಹುದು. ಇದನ್ನು ನಮ್ಮ ಕೇರಿಯ ಕೂಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವನಿಗೆ ಮಾತ್ರ ತಾನು ಏನು ಹೇಳಿದೆ ಎಂದು ಗೊತ್ತಾಗಲಿಲ್ಲ.

"ಇನ್ನು ಮೇಲೆ ನೀವೇ ತೊಳೆದುಕೊಳ್ಳಿ," ಎಂದೆ.

ಅವನು ಕೇಳಿಸದವನಂತೆ ಮುಂದುವರಿಸಿದ. "ನಿನ್ನ ತಂದೆಗಾದರೂ ಒಂದು ಉಪಕಾರ ಮಾಡು. ಮೇರಿ ಎಂದರೆ ಸಾಕು, ದೇವರಿಗೆ ಗೊತ್ತಾಗುತ್ತದೆ ಎಂದು ನಾನು ಹೇಳಿದೆ. ಅವರಿಗೆ ಸಮಾಧಾನವಿಲ್ಲ. ಅವರ ತಾಯಿಯ ಹೆಸರು ನಿನಗೆ ಗೊತ್ತಂತೆ."

ಮೈ ಬೇಡವಾಯಿತು. ಹೆಸರು ಬೇಕಾಯಿತು.

"ಅಜ್ಜಿಯನ್ನು ನಿಮ್ಮವರು ಕೇಳಿದ್ದರು. ಬೇಡ ಅಂದಿದ್ದಳು."

"ಆಗ ಅವಳಿಗೆ ಪೂರ್ತಿ ತಿಳಿದಿರಲಿಲ್ಲ."

"ನಿಮ್ಮವರು ಅವಳಿಗೆ ಪೂರ್ತಿ ತಿಳಿದಿದ್ದರು. ಹಿಂದಿನ ದಿನ ಏನು ತಿಂದಿದ್ದರು ಎನ್ನುವುದೂ ತಿಳಿಯುತ್ತಿತ್ತು."

ಅವನ ಕುತ್ತಿಗೆ ಕೆಂಪಾಯಿತು. "ಅವರು ಬ್ರಿಟಿಷರು. ನಾವು ಬೇರೆ."

"ನೀವು ಬೇರೆ. ನೀವು ಅಳುತ್ತೀರಿ."

"ಕ್ಲಾರಿಸ್ಸಾ, ನಾವು ಬಲವಂತ ಮಾಡುವುದಿಲ್ಲ. ಇಲ್ಲಿ ಸ್ನಾನ ಆದರೂ ಅಲ್ಲಿ ಬೇಡ ಎನ್ನುವ ಸ್ವಾತಂತ್ರ್ಯ ಅವಳಿಗೆ ಇದ್ದೇ ಇರುತ್ತದೆ."

"ಇಲ್ಲೇ ಬೇಡ ಅಂದಳಲ್ಲ. ಬದುಕಿದ್ದಾಗ, ಬಾಯಿ ಇದ್ದಾಗ. ಅದು ಲೆಕ್ಕಕ್ಕಿಲ್ಲವೇ? ಇನ್ನೆಷ್ಟು ಸಲ ಬೇಡ ಅನ್ನಬೇಕು ಅವಳು?"

ಅವನು ಕನ್ನಡಕ ಹಾಕಿಕೊಂಡ. ನಾನು ಎದ್ದೆ. ಕಾರಿಡಾರಿನಲ್ಲಿ ಅಪ್ಪ ಟೈ ಸರಿ ಮಾಡಿಕೊಂಡು ಕಾಯುತ್ತಿದ್ದ. ನನ್ನ ಮುಖ ನೋಡಿದ. ಒಳಗೆ ಹೋಗಲಿಲ್ಲ.

*

ಮನೆಯಲ್ಲಿ ನಾನೇ ಹೇಳಿದೆ. ಒಬ್ಬಳು ಹುಡುಗಿ ಇದ್ದಾಳೆ ಎಂದೆ. ಆರು ವರ್ಷದಿಂದ ಎಂದೆ.

ಅಪ್ಪ ಹೊಡೆಯಲಿಲ್ಲ. ಸೋಫಾದ ತುದಿಯಲ್ಲಿ ಕೂತ. ಟೈ ಬಿಚ್ಚಲು ಹೋಗಿ ಗಂಟು ಇನ್ನೂ ಬಿಗಿ ಮಾಡಿಕೊಂಡ. ಅಮ್ಮ ಹೋಗಿ ಬಿಚ್ಚಿಕೊಟ್ಟಳು.

"ಬಾಯಿ ಮುಚ್ಕೊಂಡು ಹೂಂ ಅನ್ನೋಕೆ ಆಗ್ಲಿಲ್ವಾ ನಿಂಗೆ?" ಎಂದ. "ಎಷ್ಟು ಜನ ಸುಳ್ಳು ಹೇಳಿ ಹೋಗ್ತಾರೆ. ನಿಂಗೇ ಬಂತಾ ಸತ್ಯ?"

"ನಾನು ಏನೂ ಹೇಳ್ಲಿಲ್ಲ ಅಪ್ಪ. ಸುಮ್ನಿದ್ದೆ."

"ಅದೇ! ಆ ಸುಮ್ನಿರೋದು! ಹುಟ್ಟಿದಾಗಿಂದ ನೋಡ್ತಿದೀನಿ. ಅಮ್ಮಂದೇ ಬುದ್ಧಿ."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಯಾರೂ ಎದ್ದು ಹೋಗಲಿಲ್ಲ. ಅವನು ಬಹಳ ಹೊತ್ತು ತನ್ನ ಅಂಗೈ ನೋಡುತ್ತಾ ಕೂತ. ಆಮೇಲೆ ಗೋದಾಮಿನಲ್ಲಿ ಮಾಲು ವಿಲೇವಾರಿ ಮಾಡುವವನ ದನಿಯಲ್ಲಿ ಮಾತಾಡಿದ.

"ಒಂದು ಕೆಲಸ ಮಾಡು. ಆ ಹುಡುಗಿ ಯಾರು ಏನು, ನಾನು ಕೇಳಲ್ಲ. ಎಂದೂ ಕೇಳಲ್ಲ. ಊರಿಗೆ ಫೋನ್ ಮಾಡಲ್ಲ, ಗಂಡು ನೋಡಲ್ಲ. ಈ ಮನೇಲಿ ನಿನ್ನ ಪಾಡಿಗೆ ಇರು. ಅಮ್ಮನ ಹೆಸರು ಕೊಡು. ಅಷ್ಟೇ. ಖಲಾಸ್."

ಇದು ಸಣ್ಣದಲ್ಲ. ಇದಕ್ಕಿಂತ ಹೆಚ್ಚು ಯಾವ ಅಪ್ಪನೂ ಕೊಡಲಾರ. ನನಗೆ ಆಸೆಯಾಯಿತು. ಇನೆಜ್ ನಮ್ಮ ಮನೆಯ ಬಾಗಿಲಿನಿಂದ ಒಳಗೆ ಬರುವುದು ಕಾಣಿಸಿತು. ಒಂದು ಹೆಸರು. ಅದನ್ನು ಇಟ್ಟುಕೊಂಡವಳು ಸತ್ತು ಮಣ್ಣಾಗಿದ್ದಾಳೆ. ಅವಳಿಗೆ ಗೊತ್ತಾಗುವುದಿಲ್ಲ. ಇನ್ನೂ ಒಂದು ದಾರಿ ಇತ್ತು. ಬಾಯಿಗೆ ಬಂದ ಯಾವುದೋ ಹೆಸರು ಹೇಳಬಹುದಿತ್ತು. ಅವನು ನಂಬುತ್ತಿದ್ದ. ಅದನ್ನೂ ಯೋಚಿಸಿದೆ. ಆದರೆ ಆಗ ಅಜ್ಜಿ ಬೇಡ ಅಂದದ್ದು ಮತ್ತೆ ಒಂದು ಸಲ ಇಂಗ್ಲಿಷಿಗೆ ತಿರುಗದೆ ಉಳಿಯುತ್ತಿತ್ತು. ಅಪ್ಪ ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತಿತ್ತು.

"ಕೊಡಲ್ಲ," ಎಂದೆ.

"ಯಾಕೆ? ನಾನು ಬಿಳಿಯನಾ? ನಾನು ಬಂಗಲೆಯೋನಾ? ಮಗ ಕಣೇ ನಾನು!"

"ಗೊತ್ತು."

"ಆ ಟಾಯ್ಲೆಟ್‌ನಲ್ಲಿ ನಾವು ತೊಳೆಯೋದು ಬೇರೆ, ಅಮ್ಮ ತೊಳೆದದ್ದು ಬೇರೆ. ಅವಳು ಹುಟ್ಟಿನಿಂದ ತೊಳೆದ್ಲು. ನಾನು ಇಷ್ಟಪಟ್ಟು ತೊಳೀತೀನಿ. ಆ ವ್ಯತ್ಯಾಸ ತರೋಕೆ ನಾನು ಎಷ್ಟು ದೂರ ಬಂದೆ ಗೊತ್ತಾ ನಿಂಗೆ?"

ನನ್ನ ಹತ್ತಿರ ಉತ್ತರ ಇತ್ತು. ಹೇಳಲಿಲ್ಲ. ಅದನ್ನು ಹೇಳಿದ್ದರೆ ಅವನ ಹತ್ತಿರ ಏನೂ ಉಳಿಯುತ್ತಿರಲಿಲ್ಲ.

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. "ನಿಮ್ಮಮ್ಮಂಗೆ ಇಷ್ಟ ಇರ್ಲಿಲ್ಲ ರೀ," ಎಂದಳು. ಅಷ್ಟೇ ಅಂದಳು. ಇಷ್ಟು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

"ನೀನೂ ಶುರು ಮಾಡ್ದೆಯಾ?" ಎಂದು ಅಪ್ಪ ಎದ್ದ. ನನ್ನ ಕಡೆ ನೋಡದೆ ಹೇಳಿದ. "ಹೆಸರು ಕೊಡದೆ ಇದ್ರೆ ಈ ಮನೇಲಿ ಇರ್ಬೇಡ. ನಮ್ಮ ಜೊತೆ ಎಂದೆಂದಿಗೂ ಇರೋದು ಬೇಡ ಅಂದ್ಮೇಲೆ ಈಗ್ಲೂ ಬೇಡ."

ನಾನು ಫರ್ವಾನಿಯಾದಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದೆ. ಮಲಯಾಳಿ ಹುಡುಗಿಯರ ಕೋಣೆ, ಕಿಟಕಿಯ ಪಕ್ಕದ ಮೇಲಿನ ಮಂಚ. ನನ್ನ ಬಣ್ಣದ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಟ್ಟವಳು ಅಮ್ಮ. ಬಿಳಿ ಬಟ್ಟೆ ಒಂದನ್ನೂ ಇಡಲಿಲ್ಲ. ಇನೆಜ್ ಕಾರು ತಂದಳು. ಕೆಳಗಿಳಿದು ಚೀಲ ಎತ್ತಿಕೊಳ್ಳುವ ಧೈರ್ಯ ಮಾಡಲಿಲ್ಲ. ನಾನೂ ಕರೆಯಲಿಲ್ಲ. ಹೊರಟ ಮೇಲೆ ಸ್ಟಿಯರಿಂಗ್ ಹಿಡಿದು ಅತ್ತಳು. "ನಿನ್ನ ಅಜ್ಜಿಯ ಹೆಸರು ನಂಗೂ ಬೇಡ, ಆಯ್ತಾ?" ಎಂದಳು. "ನಂಗೆ ಹೇಳ್ಬೇಡ. ಕೇಳಿದ್ರೂ ಹೇಳ್ಬೇಡ."

*

ಅಪ್ಪ ಮನಿಲಾಗೆ ಹೊರಟ ದಿನ ವಿಮಾನ ನಿಲ್ದಾಣದಿಂದ ಫೋನ್ ಮಾಡಿದ. ಬೆಳಿಗ್ಗೆ. ನಾನು ಲ್ಯಾಬಿನಲ್ಲಿ ಸ್ಯಾಂಪಲ್‌ಗಳನ್ನು ಜೋಡಿಸುತ್ತಿದ್ದೆ. ಕೈಗವಸು ತೆಗೆದು ಫೋನ್ ಎತ್ತಿಕೊಂಡು ಮೆಟ್ಟಿಲ ಹತ್ತಿರ ಹೋದೆ.

"ಊಟ ತಿಂಡಿ ಎಲ್ಲ ಆಯ್ತಿದೆಯಾ?" ಎಂದ.

"ಹೂಂ."

"ಮೇರಿ ಅಂತಾನೇ ಕೊಟ್ಟೆ. ಸಿಸ್ಟರ್ ಮರಿಸೆಲ್ ನಿಲ್ತಾಳೆ. ನಮ್ಮ ಸಭೆಯ ಫಿಲಿಪ್ಪೀನ್ಸ್‌ನವಳು, ನಿಂಗೆ ಗೊತ್ತಲ್ಲ. ಒಳ್ಳೇ ಹುಡುಗಿ."

"ಹೂಂ."

ಅವನ ಹಿಂದೆ ಯಾರೋ ಅರಬಿಯಲ್ಲಿ ಕೂಗುತ್ತಿದ್ದರು. ಟ್ರಾಲಿಗಳ ಸದ್ದು. ಅವನು ಫೋನ್ ಇಡಲಿಲ್ಲ.

"ಎಷ್ಟು ಮೇರಿ ಇರ್ತಾರೋ ಅಲ್ಲಿ," ಎಂದ ಕೊನೆಗೆ. "ಮೇರಿ ಅಂತ ಕೂಗ್ತಾರೆ. ಅಮ್ಮ ತಿರುಗಿ ನೋಡ್ತಾಳಾ?"

ನಾನು ಗೋಡೆಗೆ ಹಣೆ ಒತ್ತಿ ನಿಂತೆ.

"ಒಂಬತ್ತು ತಿಂಗಳು ಹೊತ್ತಿದ್ಲು. ಎದೆಹಾಲು ಕೊಟ್ಟಿದ್ಲು. ಬಕೆಟ್ಟು ಇಳಿಸಿ, ಕೈ ತೊಳ್ಕೊಂಡು ಬಂದು ನಂಗೆ ಅನ್ನ ಕಲಸಿ ತಿನ್ನಿಸ್ತಿದ್ಲು. ಹೆಸರು ಮಾತ್ರ ನಂಗೆ ಹೇಳ್ಲಿಲ್ಲ. ನಿಂಗೆ ಹೇಳಿದ್ಲು. ಯಾಕೆ ಮಗಳೇ?"

"ನೀನು ಕೇಳ್ಲಿಲ್ಲ, ಅಪ್ಪ," ಎಂದೆ. "ಅವಳು ಬದುಕಿದ್ದಾಗ ಒಂದು ಸಲಾನೂ ಕೇಳ್ಲಿಲ್ಲ."

ಅವನು ಅಳುವುದು ಕೇಳಿಸಿತು. ಅಪ್ಪ ಅಳುವುದನ್ನು ಸಭೆಯಲ್ಲಿ ಬಹಳ ನೋಡಿದ್ದೇನೆ. ಇದು ಆ ಅಳುವಲ್ಲ. ಮೂಗಿನಿಂದ ಬರುವ, ನಾಚಿಕೆಗೆಟ್ಟ, ಮಕ್ಕಳ ಅಳು. ಆ ಜನಜಂಗುಳಿಯ ನಡುವೆ ಸೂಟು ಹಾಕಿಕೊಂಡು ನಿಂತು ಅಳುತ್ತಿದ್ದ ಅವನನ್ನು ನಾನು ಕಣ್ಣಾರೆ ಕಂಡಂತಾಯಿತು. ಅಜ್ಜಿಯ ಹೆಸರು ನನ್ನ ಹಲ್ಲಿನ ತುದಿಗೆ ಬಂತು. ಎರಡೇ ಅಕ್ಷರ ಹೊರಗೆ ಬಿದ್ದಿದ್ದರೂ ಅವನಿಗೆ ಸಾಕಾಗುತ್ತಿತ್ತು.

"ಕೊನೇ ಸಲ ಕೇಳ್ತೀನಿ," ಎಂದ.

ನಾನು ಬಾಯಿ ಬಿಗಿ ಹಿಡಿದು ನಿಂತೆ. ಅವನ ಉಸಿರು ನನಗೆ, ನನ್ನ ಉಸಿರು ಅವನಿಗೆ ಕೇಳುತ್ತಿತ್ತು. ಅವನ ವಿಮಾನದ ಹೆಸರು ಕೂಗಿದರು. ಫೋನ್ ಇಟ್ಟುಬಿಟ್ಟ.

ಮನಿಲಾದಲ್ಲಿ ಮರಿಸೆಲ್ ನೀರಿಗಿಳಿದಳು. ಮೇರಿ ಎಂದು ಕೂಗಿ ಅವಳನ್ನು ಮುಳುಗಿಸಿ ಎತ್ತಿದರು. ಬಂಗಲೆಯ ದೊರೆಸಾನಿ ಹುಟ್ಟಿಸಿದ ಹೆಂಗಸೊಬ್ಬಳು ಅವರ ಸ್ವರ್ಗಕ್ಕೆ ಹೋದಳು. ನನ್ನ ಅಜ್ಜಿ ಹೋಗಲಿಲ್ಲ.

ಅಪ್ಪ ಈಗ ನನ್ನ ಹತ್ತಿರ ಮಾತಾಡುವುದಿಲ್ಲ. ಅಜ್ಜಿಯ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ನೀವೂ ಕೇಳಬೇಡಿ.